ಭುಜ ನೋವೆಂದು ಬಂದವರನ್ನು ನಾನು ಪರೀಕ್ಷಿಸುವ ಬಗೆ

ಫಿಸಿಯೋಥೆರಪಿ ಎಂದರೆ ಕರೆಂಟು ಕೊಡುವುದು, ನಾಲ್ಕು ವ್ಯಾಯಾಮ ಹೇಳಿಕೊಡುವುದು ಅಂದುಕೊಂಡೇ ತುಂಬಾ ಜನ ಬರುತ್ತಾರೆ. ಮೊದಲ ದಿನ ನಾನು ಬರೀ ಪ್ರಶ್ನೆ ಕೇಳುತ್ತಾ ಕೂತರೆ ಅವರಿಗೆ ಕಸಿವಿಸಿ. "ಎಂಆರ್‌ಐ ನೋಡಲ್ವಾ?" ಎಂದು ಕವರ್ ಚಾಚುತ್ತಾರೆ. ನೋಡುತ್ತೇನೆ, ಆದರೆ ಆಮೇಲೆ. ಭುಜದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಒಂಚೂರು ಹರಿದಿರುವುದು ನೋವೇ ಇಲ್ಲದವರ ಸ್ಕ್ಯಾನ್‌ನಲ್ಲೂ ಕಾಣುತ್ತದೆ, ವಯಸ್ಸಾದಂತೆ ಇನ್ನೂ ಜಾಸ್ತಿ. ರಿಪೋರ್ಟ್ ಮೊದಲೇ ಓದಿಬಿಟ್ಟರೆ ನನ್ನ ಕೈ ಅದನ್ನೇ ಹುಡುಕಲು ಶುರುಮಾಡುತ್ತದೆ.

ಎಲ್ಲಿ ನೋವು ಎಂದರೆ ಕೆಲವರು ಒಂದೇ ಬೆರಳಿಟ್ಟು ತೋರಿಸುತ್ತಾರೆ. ಇನ್ನು ಕೆಲವರು ಕತ್ತಿನಿಂದ ಮೊಣಕೈ ದಾಟುವವರೆಗೂ ಅಂಗೈ ಸವರುತ್ತಾರೆ. ಹಾಗಿದ್ದರೆ, ಜೊತೆಗೆ ಬೆರಳು ಜುಮುಜುಮು ಎನ್ನುತ್ತಿದ್ದರೆ, ನೋವು ಕತ್ತಿನಿಂದಲೇ ಬರುತ್ತಿರಬಹುದು, ಕತ್ತನ್ನು ನೋಡದೆ ಭುಜ ಮುಟ್ಟುವುದಿಲ್ಲ. ಆ ಮಗ್ಗುಲಿಗೆ ಮಲಗೋಕೆ ಆಗುತ್ತಾ, ಸಕ್ಕರೆ ಕಾಯಿಲೆ ಇದೆಯಾ, ಥೈರಾಯ್ಡ್? ಇವೆರಡರಲ್ಲಿ ಯಾವುದಿದ್ದರೂ ಭುಜ ಬಿಗಿದುಕೊಳ್ಳುವುದು ಜಾಸ್ತಿ. ಸುಮ್ನೆ ತೂಕ ಇಳಿದಿದೆಯಾ, ಹಿಂದೆ ಕ್ಯಾನ್ಸರ್ ಆಗಿತ್ತಾ ಎಂದೂ ಕೇಳುತ್ತೇನೆ. ಮೆಟ್ಟಿಲು ಹತ್ತುವಾಗ ಭುಜದಲ್ಲಿ ನೋವು ಬಂದು, ನಿಂತರೆ ಹೋಗುತ್ತದೆ ಎಂದರೆ ವ್ಯಾಯಾಮದ ಮಾತೇ ಇಲ್ಲ. ಅದು ಹೃದಯದ್ದಿರಬಹುದು, ತಕ್ಷಣ ವೈದ್ಯರ ಹತ್ತಿರ ಕಳಿಸುತ್ತೇನೆ.

ಆಮೇಲೆ ಪರೀಕ್ಷೆ. ನನಗೆ ಅತಿ ಹೆಚ್ಚು ಹೇಳುವುದು ಒಂದು ಸರಳ ಹೋಲಿಕೆ: ಅವರೇ ಎತ್ತಿದಾಗ ಕೈ ಎಷ್ಟು ಹೋಗುತ್ತದೆ, ನಾನು ಎತ್ತಿದಾಗ ಎಷ್ಟು. ಅವರ ಕೈ 90 ಡಿಗ್ರಿಗೆ ನಿಂತು, ನಾನು ಭಾರ ಹೊತ್ತಾಗ ಸಲೀಸಾಗಿ 170ರವರೆಗೆ ಹೋದರೆ, ಕೀಲು ಚೆನ್ನಾಗಿದೆ, ತೊಂದರೆ ಹೆಚ್ಚಾಗಿ ಎತ್ತುವ ಸ್ನಾಯುವಿನಲ್ಲೋ ಟೆಂಡನ್‌ನಲ್ಲೋ ಇರುತ್ತದೆ. ನನ್ನ ಕೈಗೂ ಬಗ್ಗದಿದ್ದರೆ ಲೆಕ್ಕ ಬೇರೆ. ಆಗ ಮೊಣಕೈಯನ್ನು ಪಕ್ಕೆಗೆ ಒತ್ತಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸುತ್ತೇನೆ. ನೋವಿಲ್ಲದ ಕಡೆ 60ರ ಹತ್ತಿರ ಹೋದರೆ, ಈ ಕಡೆ 20ಕ್ಕೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಷ್ಟರಲ್ಲಿ ಅವರಿಗೇ ಗೊತ್ತಿಲ್ಲದಂತೆ ಇಡೀ ಮೈ ತಿರುಗಿರುತ್ತದೆ. ಅದನ್ನು ಹಿಡಿದು ನಿಲ್ಲಿಸದೆ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಸಾಧನ) ಇಟ್ಟರೆ ಅಳತೆ ಸುಳ್ಳೇ. ಹೀಗೆ ನನ್ನ ಕೈಗೂ ಬಗ್ಗದೆ ಹಿಡಿದುಕೊಳ್ಳುವುದು ಫ್ರೋಜನ್ ಶೋಲ್ಡರ್‌ನ, ಅಂದರೆ ಭುಜದ ಕೀಲು ಬಿಗಿದುಕೊಳ್ಳುವ ಕಾಯಿಲೆಯ, ಗುರುತು. ಆದರೆ ಕೀಲು ಸವೆದಿದ್ದರೂ ಹೀಗೇ ಆಗುತ್ತದೆ, ಎಕ್ಸ್‌ರೇ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ಸ್ನಾಯುಬಲವನ್ನು 0ಯಿಂದ (ಸ್ವಲ್ಪವೂ ಬಲವಿಲ್ಲ) 5ರವರೆಗೆ (ಪೂರ್ತಿ ಬಲ) ಬರೆದುಕೊಳ್ಳುವುದೂ ಉಂಟು. ನೋವಿನಿಂದಾಗಿ ಬಲ ಹಾಕದೆ ಕೈ ಸಡಿಲ ಬಿಟ್ಟವರಲ್ಲಿ ಆ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಯೋಜನೆ ಮಾಡುವಾಗ ಡಿಗ್ರಿ ಪಕ್ಕಕ್ಕಿಟ್ಟು, ಆಗದ ಮೂರು ಕೆಲಸ ಹೇಳಿ ಎನ್ನುತ್ತೇನೆ. ತಲೆ ಬಾಚುವುದು, ಬೆನ್ನ ಹಿಂದೆ ಕೈ ಹಾಕುವುದು, ಮೇಲಿನ ಕಪಾಟಿನಿಂದ ಡಬ್ಬ ತೆಗೆಯುವುದು. ಪ್ರತಿಯೊಂದಕ್ಕೂ ಅವರೇ ಅಂಕ ಕೊಡಬೇಕು: ಆಗುವುದೇ ಇಲ್ಲ ಎಂದರೆ 0, ಮೊದಲಿನಂತೆ ಆಗುತ್ತದೆ ಎಂದರೆ 10. ಮತ್ತೊಂದು ವಿಷಯ ಕೇಳಿಯೇ ಕೇಳುತ್ತೇನೆ: ಒಮ್ಮೆ ಕೆರಳಿದ ನೋವು ಎಷ್ಟು ಹೊತ್ತಿಗೆ ಇಳಿಯುತ್ತದೆ? ನಿಮಿಷಗಳಲ್ಲಿ ಇಳಿಯುವ ಭುಜಕ್ಕೆ ಭಾರ ಹೊರಿಸಬಹುದು. ಕೋಟು ಹಾಕಿಕೊಂಡಿದ್ದಕ್ಕೆ ರಾತ್ರಿಯಿಡೀ ನೋಯುವ ಭುಜವನ್ನು ಜಗ್ಗಿ ಎಳೆದರೆ ಇನ್ನಷ್ಟು ಕೆಡುತ್ತದೆ. "ಸ್ವಲ್ಪ ಜೋರಾಗೇ ಎಳೀರಿ, ತಡ್ಕೋತೀನಿ" ಎನ್ನುವವರಿಗೂ ನಾನು ಒಪ್ಪುವುದಿಲ್ಲ. ಫ್ರೋಜನ್ ಶೋಲ್ಡರ್ ಆದರೆ ವರ್ಷ, ಕೆಲವೊಮ್ಮೆ ಎರಡು ವರ್ಷವೂ ಹಿಡಿಯಬಹುದು ಎಂದು ಮೊದಲ ದಿನವೇ ಹೇಳಿಬಿಡುತ್ತೇನೆ. ಮನೆಗೆ ಕೊಡುವ ವ್ಯಾಯಾಮ ಎರಡೋ ಮೂರೋ, ಅಷ್ಟೇ. ಹತ್ತು ಬರೆದುಕೊಟ್ಟರೆ ಯಾರು ಮಾಡ್ತಾರೆ?

ಮುಂದಿನ ಸಲ ಬಂದಾಗ ಮೊದಲ ಪ್ರಶ್ನೆ, ವ್ಯಾಯಾಮದ ಮರುದಿನ ಹೇಗಿತ್ತು ಎಂದು. ಮರುದಿನವೂ ನೋವು ಏರಿಯೇ ಇದ್ದರೆ ಪ್ರಮಾಣ ಇಳಿಸುತ್ತೇನೆ. ಅದೇ ಭಂಗಿಯಲ್ಲಿ ಮತ್ತೆ ಅಳೆದು, ಆ ಮೂರು ಕೆಲಸದ ಅಂಕ ಮತ್ತೆ ಕೇಳುತ್ತೇನೆ. ಡಿಗ್ರಿ ಅಷ್ಟೇ ಇದ್ದು ತಲೆ ಬಾಚುವುದು 3ರಿಂದ 6ಕ್ಕೆ ಏರಿದ್ದರೆ ಅದೇ ದಾರಿಯಲ್ಲಿ ಮುಂದುವರಿಯುತ್ತೇನೆ. ಕೆಲವು ವಾರವಾದರೂ ಯಾವುದೂ ಅಲ್ಲಾಡದಿದ್ದರೆ ಕತ್ತಿನಿಂದ ಶುರುಮಾಡಿ ಎಲ್ಲವನ್ನೂ ಮತ್ತೆ ನೋಡುತ್ತೇನೆ, ಕಂಡದ್ದನ್ನು ಬರೆದು ವೈದ್ಯರಿಗೆ ಕಳಿಸುತ್ತೇನೆ.