ಮಲೆನಾಡಿನ ದಾರಿಗೆ ಚಾಲಕರಹಿತ ಕಾರನ್ನು ತೂಗಿ ನೋಡುವ ಬಗೆ

ಚಾಲಕರಹಿತ ಕಾರಿನ ಒಳಿತು ಕೆಡುಕುಗಳನ್ನು ತೂಗುವವರು ಮೊದಲು ಅದು ಯಾವ ಹಂತದ ವಾಹನವೆಂದು ತಿಳಿಯಬೇಕು. ಸ್ವಯಂಚಾಲನೆಯನ್ನು 0ಯಿಂದ (ಎಲ್ಲವೂ ಚಾಲಕನ ಕೈಯಲ್ಲಿ) 5ರವರೆಗೆ (ಪೂರ್ಣ ಸ್ವಯಂಚಾಲನೆ) ಆರು ಹಂತಗಳಾಗಿ ವಿಂಗಡಿಸಲಾಗಿದ್ದು, ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಚಾಲಕ ನೆರವಿನ ಕಾರುಗಳು 2ನೇ ಹಂತವನ್ನು ದಾಟಿಲ್ಲ; ಅಂದರೆ ಸ್ಟಿಯರಿಂಗ್ ತಾನಾಗಿ ತಿರುಗಿದರೂ ಹೊಣೆ ಚಾಲಕನದೇ.

ಬಳಿಕ ನಿಮ್ಮ ದಾರಿಯನ್ನು ಭಾಗಭಾಗವಾಗಿ ಗಮನಿಸಿ. ಶಿವಮೊಗ್ಗದಿಂದ ಭದ್ರಾವತಿಯ ಕಡೆಗೆ ಹೋಗುವಾಗ, ರಸ್ತೆಯ ಗೆರೆಗಳು ಸ್ಪಷ್ಟವಾಗಿರುವಲ್ಲಿ, ಮುಂದಿನ ವಾಹನದಿಂದ ಅಂತರ ಕಾಯುವ ಕ್ರೂಸ್ ಕಂಟ್ರೋಲ್ ನಿಜಕ್ಕೂ ಉಪಕಾರಿ, ಏಕೆಂದರೆ ಯಂತ್ರಕ್ಕೆ ನಿದ್ದೆಯಿಲ್ಲ, ದಣಿವಿಲ್ಲ. ಪೂರ್ಣ ಸ್ವಯಂಚಾಲನೆ ಬಂದ ದಿನ, ಕಣ್ಣು ಮಂಜಾದ ಹಿರಿಯರು ಒಂಟಿ ಮನೆಯಿಂದ ಯಾರನ್ನೂ ಕಾಯದೆ ಆಸ್ಪತ್ರೆ ತಲುಪಬಹುದು. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಲಾಭವಾಗಿ ಕಾಣುತ್ತದೆ.

ಆಗುಂಬೆ ಘಾಟಿಯ ಮಾತೇ ಬೇರೆ. 14 ಹೇರ್‌ಪಿನ್ ತಿರುವುಗಳ ಆ ಇಳಿಜಾರಿನಲ್ಲಿ ಮಳೆಗಾಲದ ದಟ್ಟ ಮಂಜು ಕ್ಯಾಮೆರಾದ ನೋಟವನ್ನು ಮುಚ್ಚುತ್ತದೆ, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್‌ನ ಬೆಳಕನ್ನು ಚದುರಿಸುತ್ತದೆ. ರೇಡಿಯೊ ಅಲೆಗಳನ್ನು ಬಳಸುವ ರಾಡಾರ್ ಮಂಜನ್ನು ತೂರಿ ನೋಡಬಲ್ಲದಾದರೂ ತಿರುವಿನಾಚೆಯ ಬಸ್ಸು ಅದಕ್ಕೂ ಕಾಣದು. ಹಾರನ್ ಒತ್ತಿ, ಎದುರಿನ ಉತ್ತರಕ್ಕೆ ಕಿವಿಗೊಟ್ಟು, ಏರುವ ವಾಹನಕ್ಕೆ ದಾರಿ ಬಿಡುವುದು ಇನ್ನೂ ಮನುಷ್ಯನ ಕೆಲಸವೇ. ಆದ್ದರಿಂದ ಘಾಟಿ ಆರಂಭವಾಗುವ ಮೊದಲೇ ಕಾರನ್ನು ಗೆರೆಗಳ ನಡುವೆ ಇರಿಸುವ ಲೇನ್ ನೆರವನ್ನೂ ಕ್ರೂಸ್ ಕಂಟ್ರೋಲನ್ನೂ ಆಫ್ ಮಾಡಿ, ಕೆಳಗಿನ ಗೇರಿಗೆ ಇಳಿಯಿರಿ. ತುರ್ತು ಬ್ರೇಕ್ ವ್ಯವಸ್ಥೆಯನ್ನು ಮಾತ್ರ ಚಾಲೂ ಇರಲು ಬಿಡಿ. ಹೊರಡುವ ಮುನ್ನ ಮುಂಗಾಜಿನಲ್ಲಿ ಕ್ಯಾಮೆರಾ ಇರುವ ಭಾಗವನ್ನೂ ಸಾಮಾನ್ಯವಾಗಿ ರಾಡಾರ್ ಅಡಗಿರುವ, ಕೆಸರು ಮೆತ್ತಿದ ಬಂಪರನ್ನೂ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ.