ಟಿಕಿಂಟರ್ ಟ್ಯಾಬ್‌ಗಳ ಬಣ್ಣ ಮತ್ತು ಅಳತೆ: ಒಂದು ಸಲಹೆ

ಶಿರಸಿಯ ಅಡಿಕೆ ವ್ಯಾಪಾರದ ಲೆಕ್ಕಕ್ಕೆಂದು ಪೈಥಾನ್ ಭಾಷೆಯ ಟಿಕಿಂಟರ್‌ನಲ್ಲಿ (ಕಿಟಕಿ, ಗುಂಡಿ, ಟ್ಯಾಬ್‌ಗಳನ್ನು ರೂಪಿಸುವ ಸಲಕರಣೆ) ತಂತ್ರಾಂಶ ಬರೆಯುವ ಸದಸ್ಯರು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಬಗೆಗೊಂದು ಟ್ಯಾಬ್ ಇಟ್ಟಿದ್ದರೆ, ಅವುಗಳ ರೂಪಕ್ಕೂ ಗಮನ ಕೊಡಬೇಕೆಂದು ಕೋರುತ್ತೇನೆ. ದಿನವಿಡೀ ಪರದೆ ನೋಡುವ ಗುಮಾಸ್ತರಿಗೆ ತಾವು ಯಾವ ಟ್ಯಾಬಿನಲ್ಲಿದ್ದೇವೆ ಎಂಬುದು ತಟ್ಟನೆ ತಿಳಿಯಬೇಕು.

ವಿಂಡೋಸ್‌ನಲ್ಲಿ ತಾನಾಗಿಯೇ ಬಳಕೆಯಾಗುವ 'ವಿಸ್ಟಾ' ಥೀಮ್ (ಟ್ಯಾಬ್, ಗುಂಡಿಗಳಿಗೆ ಕೊಡುವ ಸಿದ್ಧ ರೂಪ) ಟ್ಯಾಬಿನ ಹಿನ್ನೆಲೆ ಬಣ್ಣ ಬದಲಿಸಲು ಬಿಡುವುದಿಲ್ಲ. ಆದ್ದರಿಂದ 'ಕ್ಲ್ಯಾಮ್' ಥೀಮನ್ನು ಆರಿಸಿಕೊಳ್ಳಿ. ಶೈಲಿಯ ಹೊಂದಿಕೆಗಳು ಆಯಾ ಥೀಮಿಗೆ ಮಾತ್ರ ಅನ್ವಯಿಸುವುದರಿಂದ ಈ ಆಯ್ಕೆ ಮೊದಲು ಆಗಬೇಕು, ಉಳಿದದ್ದು ಅನಂತರ.

ಹೆಚ್ಚಿನವರು ಎಡವುವುದು ಇದರ ಮುಂದೆ. ಕ್ಲ್ಯಾಮ್‌ನಲ್ಲಿ ಟ್ಯಾಬಿನ ಬಣ್ಣವನ್ನು, ಎಲ್ಲ ಸ್ಥಿತಿಗೂ ಒಂದೇ ಮೌಲ್ಯ ಕೊಡುವ 'ಕಾನ್ಫಿಗರ್' ಆದೇಶದ ಮೂಲಕ ಕೊಟ್ಟರೆ ಏನೂ ಬದಲಾಗುವುದಿಲ್ಲ, ಏಕೆಂದರೆ ಆ ಥೀಮಿನ 'ಮ್ಯಾಪ್' ಪಟ್ಟಿಯಲ್ಲಿ (ಸ್ಥಿತಿಗೆ ತಕ್ಕಂತೆ ಬೇರೆ ಬೇರೆ ಮೌಲ್ಯ ಹೇಳುವ ಪಟ್ಟಿ) ಆಯ್ಕೆಯಾದ ಮತ್ತು ಆಯ್ಕೆಯಾಗದ ಎರಡೂ ಸ್ಥಿತಿಗಳಿಗೆ ಬಣ್ಣ ಮೊದಲೇ ನಿಗದಿಯಾಗಿದ್ದು, ಅದೇ ಮೇಲುಗೈ ಪಡೆಯುತ್ತದೆ. ಎರಡು ಸ್ಥಿತಿಗಳ ಬಣ್ಣವನ್ನೂ ಮ್ಯಾಪ್‌ನಲ್ಲೇ ಬರೆಯಿರಿ. ಪ್ಯಾಡಿಂಗ್‌ನ (ಅಕ್ಷರಕ್ಕೂ ಟ್ಯಾಬಿನ ಅಂಚಿಗೂ ನಡುವಿನ ಜಾಗ) ವಿಷಯದಲ್ಲೂ ಹೀಗೆಯೇ: ಕಾನ್ಫಿಗರ್‌ನಲ್ಲಿ ಮಾತ್ರ ಹೆಚ್ಚಿಸಿದರೆ ಆಯ್ಕೆಯಾದ ಟ್ಯಾಬ್ ಹಳೆಯ ಅಳತೆಗೇ ಕುಗ್ಗಿ, ಒತ್ತಿದಾಗಲೆಲ್ಲ ಸಾಲು ಅಲುಗಾಡಿದಂತೆ ಕಾಣುತ್ತದೆ.

ಕನ್ನಡದ ಹೆಸರುಗಳಿಗೆ 'ನಿರ್ಮಲಾ ಯುಐ' ಫಾಂಟನ್ನು 11ರ ಗಾತ್ರದಲ್ಲಿ ಇಟ್ಟು, ಎಡಬಲಕ್ಕೆ 14, ಮೇಲೆ ಕೆಳಗೆ 6ರಷ್ಟು ಪ್ಯಾಡಿಂಗ್ ಕೊಡುವುದು ನನ್ನ ದೃಷ್ಟಿಯಲ್ಲಿ ಹಿತವಾದ ಅಳತೆ. 'ಬೆಟ್ಟೆ'ಯ ಒತ್ತಕ್ಷರ ಅಂಚಿಗೆ ತಾಗದೆ ಸ್ಪಷ್ಟವಾಗಿ ಕಾಣುತ್ತದೆ. ಬಗೆಗೊಂದು ಗಾಢ ಬಣ್ಣ ಬೇಡ. ಆಯ್ಕೆಯಾದದ್ದಕ್ಕೆ ಬಿಳಿ, ಉಳಿದವುಗಳಿಗೆ ತಿಳಿ ಬೂದು ಸಾಕು.