ಕಪ್ಪು ಚಿತ್ರಗಳಿಂದ ಕೀಲಿಯ ಸೀಡ್: ನನ್ನ ಅನುಭವ

ಲೆನ್ಸಿಗೆ ಕ್ಯಾಪ್ ಹಾಕಿ ತೆಗೆದ ಕಪ್ಪು ಚಿತ್ರಗಳಿಂದ ಕ್ರಿಪ್ಟೋಗ್ರಫಿಗೆ ಬೇಕಾದ ಎಂಟ್ರೊಪಿಯನ್ನು, ಅಂದರೆ ಯಾರೂ ಊಹಿಸಲಾಗದ ಯಾದೃಚ್ಛಿಕತೆಯನ್ನು, ಪಡೆಯಬಹುದು ಎಂದು ನಾನು ಹೇಳಿದಾಗ ನಮ್ಮ ವಿಭಾಗದವರು ಎರಡು ಆಕ್ಷೇಪ ಎತ್ತಿದರು. ಸೆನ್ಸರಿನ ನಾಯ್ಸ್‌ನಲ್ಲಿ (ಬೆಳಕಿಲ್ಲದಾಗಲೂ ಪಿಕ್ಸೆಲ್‌ಗಳಲ್ಲಿ ಕಾಣುವ ಸಣ್ಣ ಏರಿಳಿತದಲ್ಲಿ) ಬಹುಪಾಲು ಪ್ರತಿ ಚಿತ್ರದಲ್ಲೂ ಮರುಕಳಿಸುವ ಸ್ಥಿರ ವಿನ್ಯಾಸವೇ ಇರುತ್ತದೆ ಎಂಬುದು ಒಂದು. ಉಷ್ಣತೆ ಬದಲಾದೊಡನೆ ಅಂದಾಜುಗಳೆಲ್ಲ ತಲೆಕೆಳಗಾಗುತ್ತವೆ ಎಂಬುದು ಇನ್ನೊಂದು. ಈಗ ಅದೇ ವಿಧಾನವು ಮೂರು ಬೇರೆ ಬೇರೆ ಕ್ಯಾಮೆರಾಗಳಲ್ಲಿ, ಡಿಸೆಂಬರಿನ ಮುಳ್ಳಯ್ಯನಗಿರಿಯ ನಸುಕಿನಲ್ಲೂ ಮೇ ತಿಂಗಳ ರಾಯಚೂರಿನ ಮಧ್ಯಾಹ್ನದಲ್ಲೂ ಎಂಟ್ರೊಪಿ ಮೂಲಗಳನ್ನು ಅಳೆಯಲು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಗೊತ್ತುಪಡಿಸಿದ ಎಸ್‌ಪಿ 800-90ಬಿ ಪರೀಕ್ಷೆಗಳನ್ನು ದಾಟಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಅಗತ್ಯವೇನು ಎಂಬುದನ್ನು ಈ ಕ್ಷೇತ್ರದವರಿಗೆ ವಿವರಿಸಬೇಕಿಲ್ಲ. ಕೀಲಿಗಳನ್ನು ಸುಲಭವಾಗಿ ಊಹಿಸುವಂತೆ ಮಾಡಿದ್ದ, 2008ರಲ್ಲಿ ಬಯಲಾದ ಡೆಬಿಯನ್ ಓಪನ್‌ಎಸ್‌ಎಸ್‌ಎಲ್ ದೋಷವೂ, 2012ರಲ್ಲಿ ಪತ್ತೆಯಾದ, ಎಂಟ್ರೊಪಿ ಸಾಲದೆ ಒಂದೇ ಅಪವರ್ತನವನ್ನು ಹಂಚಿಕೊಂಡು ಮುರಿಯುವಂತಾಗಿದ್ದ ಆರ್‌ಎಸ್‌ಎ ಕೀಲಿಗಳೂ ಎಲ್ಲರಿಗೂ ನೆನಪಿವೆ. ನನಗೆ ಬೇಕಿದ್ದುದು ನೆಟ್‌ವರ್ಕಿಗೆ ಎಂದೂ ಸೇರದ ಒಂದು ಸಣ್ಣ ಬೋರ್ಡಿನಲ್ಲಿ ಎಂಎಲ್-ಡಿಎಸ್‌ಎ (ಕ್ವಾಂಟಮ್ ಕಂಪ್ಯೂಟರಿಗೂ ಬಗ್ಗದಂತೆ ರೂಪಿಸಿದ ಡಿಜಿಟಲ್ ಸಹಿ ವಿಧಾನ) ಕೀಲಿ ತಯಾರಿಸಲು 32 ಬೈಟ್‌ಗಳ ಸೀಡ್ (ಕೀಲಿ ಹುಟ್ಟುವ ಮೂಲ ಸಂಖ್ಯೆ), ಅದೂ ಕಚ್ಚಾ ದತ್ತಾಂಶವನ್ನು ನಾನೇ ತೆರೆದು ನೋಡಬಲ್ಲ ಮೂಲದಿಂದ.

ಈ ಆಲೋಚನೆ ಹುಟ್ಟಿದ್ದು ಮಳೆಗಾಲದ ಛಾಯಾಗ್ರಹಣದಿಂದ. ಆಗುಂಬೆಯ ಸುತ್ತಮುತ್ತ ಕೊಳೆತ ಕಟ್ಟಿಗೆಯ ಮೇಲೆ ಹೊಳೆಯುವ ಅಣಬೆಗಳನ್ನು ಹಲವು ನಿಮಿಷಗಳ ಎಕ್ಸ್‌ಪೋಷರ್ ಕೊಟ್ಟು ತೆಗೆಯುವಾಗ ನಾಯ್ಸ್ ಕಳೆಯುವುದಕ್ಕೆಂದು ಡಾರ್ಕ್ ಫ್ರೇಮ್‌ಗಳನ್ನೂ (ಕ್ಯಾಪ್ ಹಾಕಿದ ಕಪ್ಪು ಚಿತ್ರಗಳನ್ನೂ) ತೆಗೆಯಲೇಬೇಕು. ಅವು ಡಿಸ್ಕಿನಲ್ಲಿ ರಾಶಿ ಬಿದ್ದಿದ್ದವು. ಮೊದಲು ಅವುಗಳನ್ನೇ ಪರೀಕ್ಷೆಗೆ ಹಾಕಿದೆ, ಅವು ಕೆಟ್ಟದಾಗಿ ಸೋತವು. ದೀರ್ಘ ಎಕ್ಸ್‌ಪೋಷರಿನಲ್ಲಿ ಬೆಳಕಿಲ್ಲದೆಯೂ ಹೊಳೆಯುವ ಹಾಟ್ ಪಿಕ್ಸೆಲ್‌ಗಳು ಹೆಚ್ಚುತ್ತವೆ, ಸೆನ್ಸರಿನ ಒಂದು ಅಂಚು ತಾನಾಗಿಯೇ ಬೆಳಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಕೆಲವು ಕ್ಯಾಮೆರಾಗಳು ಕೆಲವು ಸೆಕೆಂಡುಗಳ ಗಡಿ ದಾಟಿದೊಡನೆ ರಾ ಫೈಲಿನಲ್ಲಿಯೇ (ಸಂಸ್ಕರಿಸದೆ ಇಡಬೇಕಾದ ಸೆನ್ಸರ್ ದತ್ತಾಂಶದಲ್ಲಿಯೇ) ನೆರೆಯ ಪಿಕ್ಸೆಲ್‌ಗಳನ್ನು ನೋಡಿ ಮಟ್ಟ ಮಾಡಿಬಿಡುತ್ತವೆ. ನಕ್ಷತ್ರಗಳ ಚಿತ್ರ ತೆಗೆಯುವವರು ಇದರ ಬಗ್ಗೆ ಬಹಳ ಕಾಲದಿಂದ ದೂರುತ್ತಿದ್ದಾರೆ. ನಮ್ಮ ಕೆಲಸಕ್ಕಂತೂ ಅದು ವಿಷ.

ಆದ್ದರಿಂದ 1/4000 ಸೆಕೆಂಡಿಗೆ ಬಂದೆ. ಅಷ್ಟು ಕಡಿಮೆ ಅವಧಿಯಲ್ಲಿ ಉಷ್ಣತೆಯೊಂದಿಗೆ ಏರುವ ಡಾರ್ಕ್ ಕರೆಂಟ್ ಸೇರಿಕೊಳ್ಳುವುದೇ ಇಲ್ಲವೆನ್ನಬಹುದು, ಉಳಿಯುವುದು ಪಿಕ್ಸೆಲ್‌ಗಳನ್ನು ಓದುವ ಸರ್ಕಿಟ್ಟಿನ ರೀಡ್ ನಾಯ್ಸ್. ಉಷ್ಣತೆಯ ಆಕ್ಷೇಪಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಸ್ಥಿರ ವಿನ್ಯಾಸಕ್ಕೆ ಬೆನ್ನುಬೆನ್ನಿಗೆ ತೆಗೆದ ಎರಡು ಚಿತ್ರಗಳ ವ್ಯತ್ಯಾಸ ಸಾಕು. ಹಸಿರು ಚಾನೆಲ್ ಮಾತ್ರ ಬಳಸಬೇಕು, ಏಕೆಂದರೆ ಕೆಂಪು ಮತ್ತು ನೀಲಿಯನ್ನು ಕೆಲವು ಕ್ಯಾಮೆರಾಗಳು ಮೊದಲೇ ಗುಣಿಸಿಡುವುದರಿಂದ ಅವುಗಳ ಹಿಸ್ಟೋಗ್ರಾಮ್ ಹಲ್ಲು ಬಿದ್ದ ಬಾಚಣಿಗೆಯಂತೆ ಕಾಣುತ್ತದೆ. ಕಪ್ಪು ಮಟ್ಟವನ್ನು ಸೊನ್ನೆಗೆ ಕತ್ತರಿಸುವ ಹಳೆಯ ಕ್ಯಾಮೆರಾಗಳನ್ನು ಮುಟ್ಟಲೇಬೇಡಿ, ನಾಯ್ಸ್‌ನ ಅರ್ಧ ಭಾಗ ಅಲ್ಲೇ ಹೋಗಿರುತ್ತದೆ. ಎಲೆಕ್ಟ್ರಾನಿಕ್ ಶಟರ್ ಹಾಕಿದರೆ 14 ಬಿಟ್ 12ಕ್ಕೆ ಇಳಿಯುವ ಕ್ಯಾಮೆರಾಗಳೂ ಇವೆ.

ಹೀಗಿದ್ದೂ ಪ್ರಯೋಗಾಲಯದ ಚಿತ್ರಗಳು ಸೋಲುತ್ತಲೇ ಇದ್ದವು, ಕಾಡಿನಲ್ಲಿ ತೆಗೆದವು ಗೆಲ್ಲುತ್ತಿದ್ದವು. ಸುಮಾರು ಎರಡು ತಿಂಗಳು ಈ ಒಂದೇ ಪ್ರಶ್ನೆಗೆ ಹೋಯಿತು. ಪಿಕ್ಸೆಲ್‌ಗಳನ್ನು ಅಡ್ಡಸಾಲಿನ ಬದಲು ಲಂಬಸಾಲಿನಲ್ಲಿ ಓದಿಸಿ ನೋಡಿದಾಗ ಲ್ಯಾಗ್ ಪ್ರಿಡಿಕ್ಟರ್ (ಹಿಂದಿನ ಮಾದರಿಗಳಿಂದ ಮುಂದಿನದನ್ನು ಊಹಿಸಿ ನೋಡುವ ಪರೀಕ್ಷೆ) ಕೊಡುವ ಎಂಟ್ರೊಪಿಯ ಅಂದಾಜು ಒಮ್ಮೆಲೇ ಕೆಳಗಿಳಿಯಿತು. ವ್ಯತ್ಯಾಸದ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ, ಕಾಂಟ್ರಾಸ್ಟ್ ಏರಿಸಿದರೆ ಒಂದೇ ಅಂತರದಲ್ಲಿ ಅಡ್ಡಪಟ್ಟಿಗಳು ಕಂಡವು. ಕಾರಣ, ಪ್ರಯೋಗಾಲಯದಲ್ಲಿ ಡಮ್ಮಿ ಬ್ಯಾಟರಿಗೆ (ಬ್ಯಾಟರಿಯ ಜಾಗದಲ್ಲಿ ಕೂತು ಹೊರಗಿನ ವಿದ್ಯುತ್ ಕೊಡುವ ಸಾಧನಕ್ಕೆ) ಜೋಡಿಸಿದ್ದ ಅಗ್ಗದ ಸ್ವಿಚಿಂಗ್ ಅಡಾಪ್ಟರ್. ಅದರ ವೋಲ್ಟೇಜಿನ ಏರಿಳಿತ ಸೆನ್ಸರಿನ ಸಾಲುಗಳ ಮೇಲೆ ಅಚ್ಚೊತ್ತುತ್ತಿತ್ತು; ಕಾಡಿನಲ್ಲಿ ನಿಜವಾದ ಬ್ಯಾಟರಿ ಇದ್ದುದರಿಂದ ಪಟ್ಟಿಗಳಿರಲಿಲ್ಲ. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಮತ್ತು ಲೀನಿಯರ್ ರೆಗ್ಯುಲೇಟರಿಗೆ ಬದಲಾಯಿಸಿದ ರಾತ್ರಿಯೇ ಪ್ರಯೋಗಾಲಯದ ಫಲಿತಾಂಶ ಆಗುಂಬೆಯದಕ್ಕೆ ಸರಿಸಮವಾಯಿತು. ಹವ್ಯಾಸಕ್ಕೆಂದು ಹೊರಗೆ ತಿರುಗದಿದ್ದರೆ ಹೋಲಿಸಿ ನೋಡಲು ಒಳ್ಳೆಯ ಚಿತ್ರಗಳೇ ಇರುತ್ತಿರಲಿಲ್ಲ.

ಡಮ್ಮಿ ಬ್ಯಾಟರಿ ಬೇಕಾದದ್ದು ರೀಸ್ಟಾರ್ಟ್ ಪರೀಕ್ಷೆಗೆ. ಮೂಲವನ್ನು 1000 ಸಲ ಆರಿಸಿ ಹೊತ್ತಿಸಿ, ಪ್ರತಿ ಸಲವೂ 1000 ಮಾದರಿ ತೆಗೆಯಬೇಕು. ಒಂದು ರಿಲೇ ವಿದ್ಯುತ್ತಿಗೆ, ಇನ್ನೊಂದು ರಿಮೋಟ್ ಕೇಬಲ್ಲಿಗೆ. ಒಂದು ಸುತ್ತು ಮುಗಿಯಲು ಐದಾರು ಗಂಟೆ. ಇದಕ್ಕಾಗಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾಕ್ಕೆ ಸುಮಾರು 28 ಸಾವಿರ ರೂಪಾಯಿ ಕೊಟ್ಟೆ. ರಿಲೇ, ರೆಗ್ಯುಲೇಟರ್, ಬ್ಯಾಟರಿ ಸೇರಿ ಮೂರೂವರೆ ಸಾವಿರದ ಆಸುಪಾಸು. ಮಳೆಗಾಲದ ಮೇಲೆ ಲೆನ್ಸಿನೊಳಗೆ ಬೂಷ್ಟು ಹಿಡಿದು ಸ್ವಚ್ಛಗೊಳಿಸಲು ತೆತ್ತದ್ದು, ಆಮೇಲೆ ಕೊಂಡ ಡ್ರೈ ಕ್ಯಾಬಿನೆಟ್ ಎರಡೂ ಸೇರಿ ಇನ್ನೊಂದು ಹದಿನೈದು ಸಾವಿರ. ಅನುದಾನದಿಂದ ಒಂದು ರೂಪಾಯಿಯೂ ಬರಲಿಲ್ಲ.

ನಡುವೆ ಗಾಳಿಗೆ ಅಲುಗಾಡುವ ಎಲೆಗಳ ಚಿತ್ರದಿಂದಲೂ ಎಂಟ್ರೊಪಿ ತೆಗೆದು ನೋಡಿದೆ. ಅಂಕಿಗಳು ಚೆನ್ನಾಗಿಯೇ ಬಂದವು. ಆದರೆ ನನ್ನ ಪಕ್ಕದಲ್ಲಿ ನಿಂತ ಇನ್ನೊಬ್ಬರ ಕ್ಯಾಮೆರಾಕ್ಕೂ ಅದೇ ದೃಶ್ಯ ದಕ್ಕುವುದರಿಂದ ಅದನ್ನು ಗುಟ್ಟೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮೊಬೈಲಿನ ರಾ ಫೈಲುಗಳು ನನಗೆ ಕೆಲಸ ಕೊಡಲಿಲ್ಲ, ನಾಯ್ಸ್ ತೆಗೆದ ಗುರುತು ಅವುಗಳಲ್ಲಿ ಎದ್ದು ಕಾಣುತ್ತಿತ್ತು.

ಈಗ ಪ್ರತಿ ಪಿಕ್ಸೆಲ್ಲಿಗೆ ಎರಡಕ್ಕಿಂತ ತುಸು ಹೆಚ್ಚು ಬಿಟ್ ಮಿನ್-ಎಂಟ್ರೊಪಿ (ಅತಿ ಕೆಟ್ಟ ಸಂದರ್ಭದಲ್ಲೂ ಖಚಿತವಾದ ಎಂಟ್ರೊಪಿ) ಸಿಗುತ್ತಿದೆ, ಚಳಿಗೂ ಬಿಸಿಲಿಗೂ ವ್ಯತ್ಯಾಸ ಹತ್ತರಲ್ಲೊಂದು ಪಾಲಿನಷ್ಟೂ ಇಲ್ಲ. ನಾನು ಲೆಕ್ಕಕ್ಕೆ ಹಿಡಿಯುವುದು ಅರ್ಧ ಬಿಟ್ ಮಾತ್ರ. 24 ಮೆಗಾಪಿಕ್ಸೆಲ್ಲಿನ ಒಂದು ಜೋಡಿ ಚಿತ್ರದಲ್ಲಿ ಅಷ್ಟಾದರೂ ಲಕ್ಷಗಟ್ಟಲೆ ಬಿಟ್‌ಗಳಾಗುತ್ತವೆ, ಅವನ್ನೆಲ್ಲ 32 ಬೈಟ್‌ಗಳಿಗೆ ಅರೆದುಕೊಡುವ ಎಸ್‌ಎಚ್‌ಎ-256 ಹ್ಯಾಶ್‌ಗೆ ಉಣಿಸುತ್ತೇನೆ. ಯಾವ ಪಿಕ್ಸೆಲ್‌ಗಳನ್ನು ಬಿಡುತ್ತೇನೆ, ಸಾಲುಗಳ ಉಳಿದ ಏರಿಳಿತವನ್ನು ಹೇಗೆ ಕಳೆಯುತ್ತೇನೆ ಎಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ಹೇಳಲಾರೆ. ಮೊದಲು ಅತಿ ಕಟುವಾಗಿ ವಿರೋಧಿಸಿದ್ದ ಸಹೋದ್ಯೋಗಿಯೊಬ್ಬರು ಕಳೆದ ತಿಂಗಳು ತಮ್ಮ ಕ್ಯಾಮೆರಾವನ್ನೇ ತಂದು ರಿಲೇಗೆ ಜೋಡಿಸಿ ಹೋಗಿದ್ದಾರೆ. ಅದರ ರೀಸ್ಟಾರ್ಟ್ ಪರೀಕ್ಷೆಯ ಸುತ್ತುಗಳು ಇನ್ನೂ ನಡೆಯುತ್ತಿವೆ.